ಚರ್ಮದ ಸಸಿಮಡಿ

ಹಲ್ಲಿಯ ಬಾಲವು ಕಡಿದುಬಿದ್ದರೆ ಮತ್ತೆ ಬೆಳೆಯುವುದೆಂಬುದನ್ನು ಅರಿಯದ ಮನೆಯಿಲ್ಲ. ಬಾಗಿಲಿನ ಸಂದಿಯಲ್ಲಿ ಬಾಲವನ್ನು ಬಿಟ್ಟು ಓಡಿದ ಹಲ್ಲಿ ಕೆಲವು ತಿಂಗಳ ಮೇಲೆ ಅದೇ ಗೋಡೆಯಲ್ಲಿ, ಕೊಂಚ ಮೋಟಾದ, ಬಣ್ಣದಲ್ಲಿ ಕೊಂಚ ಬೇರೆಯಾದ ಹೊಸ ಬಾಲವನ್ನು ಹೊತ್ತು ದೀಪದ ಹುಳುಗಳಿಗೆ ಹೊಂಚುಹಾಕುತ್ತಿರುತ್ತದೆ. ಮನುಷ್ಯನಿಗೆ ಈ ಭಾಗ್ಯವಿಲ್ಲ. ಬೆರಳು ಹೋದರೆ ಹೋಯಿತು, ಮೂಗು ಹೋದರೆ ಹೋಯಿತು. ಹಾಗೆಂದು ಮಾನವದೇಹವು ಈ ವಿದ್ಯೆಯನ್ನು ಪೂರ್ತಿಯಾಗಿ ಮರೆತಿದೆಯೆನ್ನುವುದೂ ತಪ್ಪಾದೀತು. ಯಕೃತ್ತಿನ ಒಂದು ಭಾಗವನ್ನು ಕತ್ತರಿಸಿ ತೆಗೆದರೆ ಉಳಿದ ಭಾಗವು ಬೆಳೆದು ಆ ಕೊರತೆಯನ್ನು ತುಂಬುತ್ತದೆ. ಮೈಯ ಹೊರಚರ್ಮವು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹೊಸದಾಗುತ್ತದೆ. ಸ್ನಾನದಲ್ಲಿ ಉಜ್ಜಿದಾಗ ಕೈಗೆ ಬರುವ ಕೊಳೆಯಲ್ಲಿ ಕಳೆದ ತಿಂಗಳಿನ ಮನುಷ್ಯನೂ ಸ್ವಲ್ಪ ಸೇರಿರುತ್ತಾನೆ.

ದೇಹದಲ್ಲಿ ಉಳಿದಿರುವ ಈ ಅಲ್ಪವಿದ್ಯೆಯನ್ನು ದೇಹದ ಹೊರಗೆ, ಗಾಜಿನ ಪಾತ್ರೆಯಲ್ಲಿ, ನಡೆಯಿಸಿ, ಅಲ್ಲಿ ಬೆಳೆದುದನ್ನು ತಂದು ಕೆಟ್ಟ ಅಂಗಕ್ಕೆ ಕೂಡಿಸುವ ಶಾಸ್ತ್ರವೊಂದು ಈಗ ಬೆಳೆದುಬಂದಿದೆ. ಅಮೆರಿಕದ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ ಎಂಬಿಬ್ಬರು ೧೯೯೩ರಲ್ಲಿ ಬರೆದ ಲೇಖನವೊಂದರಿಂದ ಅದರ ಹೆಸರು ಲೋಕದಲ್ಲಿ ಹಬ್ಬಿತು. ಕನ್ನಡದಲ್ಲಿ ಅದನ್ನು 'ಅಂಗಾಂಶ ನಿರ್ಮಾಣ'ವೆಂದು ಕರೆಯಬಹುದು. ಆದರೆ ನಿರ್ಮಾಣವೆಂಬ ಮಾತು ಇಲ್ಲಿ ಒಗ್ಗುವುದಿಲ್ಲ. ಸೇತುವೆಯನ್ನು ನಿರ್ಮಿಸುವವನು ಕಲ್ಲನ್ನು ಇಟ್ಟಲ್ಲಿ ಅದು ಇರುತ್ತದೆ. ರಾತ್ರಿ ಕೆಲಸ ನಿಲ್ಲಿಸಿದರೆ ಕಲ್ಲು ಹಸಿವಿನಿಂದ ಸಾಯುವುದಿಲ್ಲ. ಜೀವವಿರುವ ಅಂಗಾಂಶದ ಪಾಡು ಬೇರೆ. ಅದಕ್ಕೆ ಪ್ರತಿಗಳಿಗೆಯೂ ಉಸಿರು ಬೇಕು, ಆಹಾರ ಬೇಕು, ಹಳಸಿದುದನ್ನು ಹೊರಹಾಕುವ ದಾರಿ ಬೇಕು. ಬತ್ತವನ್ನು ರೈತನು ಮಾಡುವುದಿಲ್ಲ. ಸಸಿಮಡಿಯಲ್ಲಿ ಒತ್ತಾಗಿ ಬಿತ್ತಿ, ನೀರು ಕಟ್ಟಿ, ಸಸಿ ಗೇಣುದ್ದವಾದ ಮೇಲೆ ಕಿತ್ತು ಗದ್ದೆಯಲ್ಲಿ ನಾಟಿ ಹಾಕುತ್ತಾನೆ. ಈ ವೈದ್ಯರ ಕೆಲಸವೂ ಅದೇ. ಬಾಳೆಯ ಸಸಿಗಳನ್ನು ಗಾಜಿನ ಸೀಸೆಯಲ್ಲಿ ಎಬ್ಬಿಸುವುದಕ್ಕೆ 'ಅಂಗಾಂಶ ಕೃಷಿ'ಯೆಂದು ಕನ್ನಡನಾಡಿನ ತೋಟಗಾರರು ಆಗಲೇ ಹೇಳುತ್ತಿದ್ದಾರೆ. ಮನುಷ್ಯನ ವಿಷಯದಲ್ಲಿಯೂ ಕೃಷಿಯೆಂಬ ಮಾತೇ ಸತ್ಯಕ್ಕೆ ಹತ್ತಿರ.

ಸಸಿಯನ್ನು ಒಂದೆಡೆಯಿಂದ ಕಿತ್ತು ಇನ್ನೊಂದೆಡೆ ನೆಡುವಾಗ ನಡುವೆ ಅದು ಬಾಡಬಾರದಷ್ಟೆ? ಈ ಒಂದು ಪ್ರಶ್ನೆಯಲ್ಲಿ ಶಾಸ್ತ್ರದ ಕಷ್ಟವೆಲ್ಲ ಅಡಗಿದೆ. ಇದನ್ನು ಮೊದಲು ಚೆನ್ನಾಗಿ ತಿಳಿದವರು ಪುಸ್ತಕದ ಪಂಡಿತರಲ್ಲ. ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಎಂಬ ಮಾಸಪತ್ರಿಕೆಯಲ್ಲಿ ಹಿಂದೂಸ್ಥಾನದಿಂದ ಬಂದ ಒಂದು ಪತ್ರವೂ ಒಬ್ಬ ಮನುಷ್ಯನ ಚಿತ್ರವೂ ಅಚ್ಚಾದುವು. ಚಿತ್ರದಲ್ಲಿದ್ದವನು ಕಾವಸ್‌ಜಿ, ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಒಬ್ಬ ಮರಾಠ. ೧೭೯೨ರ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಕಡೆಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕೊಯ್ಯಿಸಿಕೊಂಡನೆಂದು ಆ ಪತ್ರ ಹೇಳುತ್ತದೆ. ಶ್ರೀರಂಗಪಟ್ಟಣದ ಬಳಿ ತನ್ನ ಕಡೆಯ ದಂಡನ್ನು ಸೇರಿಕೊಂಡ ಅವನು ವರ್ಷಕ್ಕೂ ಮಿಕ್ಕಿ ಮೂಗಿಲ್ಲದೆ ಬದುಕಿದ್ದನು. ತರುವಾಯ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು.

ಆ ಮನುಷ್ಯನ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವನ ಕೈಚಳಕವನ್ನು ಮಾತ್ರ ಬರೆದಿಟ್ಟರು. ಮೇಣದ ತೆಳುತಗಡಿನಿಂದ ಮೂಗಿನ ಆಕಾರವನ್ನು ಮಾಡಿ, ಅದನ್ನು ಚಪ್ಪಟೆಯಾಗಿ ಹಣೆಯ ಮೇಲೆ ಹರಡಿ, ಸುತ್ತಲೂ ಗೆರೆಯೆಳೆದು, ಅಷ್ಟು ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿ, ಹಳೆಯ ಮೂಗಿನ ಮೋಟನ್ನು ಹಸಿಮಾಡಿ ಅದಕ್ಕೆ ಕೂಡಿಸುವುದು. ಬಟ್ಟೆಯ ಪಟ್ಟಿಗಳ ಮೇಲೆ ಕಾಚಿನ ಲೇಪ ಹಚ್ಚಿ ಅಂಟಿಸುವುದು. ಎಲೆಯಡಿಕೆಯ ತಟ್ಟೆಯ ಕಾಚು ಶಸ್ತ್ರವೈದ್ಯಕ್ಕೂ ಒದಗಿತೆಂಬುದು ಸೋಜಿಗವೇ ಸರಿ. ಆದರೆ ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಹಣೆಯ ಚರ್ಮವನ್ನು ಆತನು ಪೂರ್ತಿಯಾಗಿ ಕತ್ತರಿಸಿ ತೆಗೆಯಲಿಲ್ಲ. ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು, ಕಾಯಿಗೆ ತೊಟ್ಟಿರುವಂತೆ, ಹಾಗೆಯೇ ಉಳಿಸಿದನು. ಹೊಸ ಮೂಗು ಹೊಸ ನೆಲದಲ್ಲಿ ಬೇರುಬಿಡುವ ತನಕ ಆ ತೊಟ್ಟಿನ ಮೂಲಕ ರಕ್ತವು ಹರಿಯುತ್ತಿತ್ತು. ಸುಮಾರು ಇಪ್ಪತ್ತೈದನೆಯ ದಿನ, ಕೂಡಿಕೆ ಗಟ್ಟಿಯಾದ ಮೇಲೆ, ತೊಟ್ಟನ್ನು ಕತ್ತರಿಸುವುದು ಪದ್ಧತಿ. ಸುಶ್ರುತಸಂಹಿತೆಯಲ್ಲಿಯೂ ಚರ್ಮವನ್ನು ಬಿಡಿಸಿ ಮೂಗನ್ನು ಕಟ್ಟುವ ವಿಧಾನವುಂಟು. ಅಲ್ಲಿ ಚರ್ಮವನ್ನು ಎತ್ತುವುದು ಕೆನ್ನೆಯಿಂದ. ಪತ್ರಿಕೆಯ ಆ ವರದಿಯನ್ನು ಅನುಸರಿಸಿ ಜೋಸೆಫ್ ಕಾರ್ಪ್ಯು ಎಂಬ ಶಸ್ತ್ರವೈದ್ಯನು ೧೮೧೪ರಲ್ಲಿ ಲಂಡನ್ನಿನಲ್ಲಿ ಅದೇ ಕೆಲಸವನ್ನು ಮಾಡಿದನು; ಯೂರೋಪಿನಲ್ಲಿ ಈ ಕಲೆ ಮತ್ತೆ ತಲೆಯೆತ್ತಿದ್ದು ಅಲ್ಲಿಂದೀಚೆಗೆ.

ಇದೆಲ್ಲವೂ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆಗೆ ಹಾಕುವ ಉಪಾಯ. ಹಣೆಯಲ್ಲಿದ್ದುದು ಮೂಗಿಗೆ ಬಂದಿತು, ಹಣೆಯಲ್ಲಿ ಕಲೆಯುಳಿಯಿತು. ಮೈಯಲ್ಲಿ ಬಂಡವಾಳವಿದ್ದವನಿಗೆ ಈ ಲೆಕ್ಕ ಸರಿಹೋಗುತ್ತದೆ. ಬಂಡವಾಳವೇ ಸುಟ್ಟುಹೋದವನು ಏನುಮಾಡಬೇಕು? ಸೀಮೆಎಣ್ಣೆಯ ಒಲೆ ಸಿಡಿದು, ಸೆರಗಿಗೆ ಉರಿ ತಗಲಿ, ಮೈಯ ಮುಕ್ಕಾಲು ಪಾಲು ಬೆಂದವರನ್ನು ಆಸ್ಪತ್ರೆಗೆ ಹೊತ್ತು ತರುವುದನ್ನು ಕಂಡವರುಂಟು. ಚರ್ಮವೆಂದರೆ ಬರಿಯ ಹೊದಿಕೆಯಲ್ಲ. ಒಳಗಿನ ನೀರನ್ನು ಒಳಗೆ ಹಿಡಿದಿಟ್ಟು ಹೊರಗಿನ ರೋಗಬೀಜವನ್ನು ಹೊರಗೇ ತಡೆಯುವ ಕೋಟೆಯದು. ದೊಡ್ಡವರಲ್ಲಿ ಅದರ ಹರವು ಸುಮಾರು ಎರಡು ಚದರ ಮೀಟರು. ಕೋಟೆ ಬಿದ್ದ ಮೇಲೆ ಉರಿಯಿಂದ ಉಳಿದವನೂ ಸೋಂಕಿನಿಂದ ಸಾಯುತ್ತಾನೆ.

ಇತರರ ಚರ್ಮವನ್ನು ತಂದು ಹೊದಿಸಿದರಾಗದೇ ಎಂಬ ಯೋಚನೆ ಸಹಜವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಸುಟ್ಟ ಗಾಯದಿಂದ ನರಳುತ್ತಿದ್ದ ತರುಣಿಯೊಬ್ಬಳಿಗೆ ಆಕೆಯ ಸೋದರನ ಚರ್ಮದ ಸಣ್ಣ ಸಣ್ಣ ಬಿಲ್ಲೆಗಳನ್ನು ಹಾಕಿದರು. ಮೊದಲು ಅವು ಅಂಟಿಕೊಂಡುವು, ಆಮೇಲೆ ಕರಗಿಹೋದುವು. ಎರಡನೆಯ ಸಲ ಅದೇ ಸೋದರನ ಚರ್ಮವನ್ನು ಹಾಕಿದಾಗ ಇನ್ನೂ ಬೇಗನೆ ನಾಶವಾದುವು. ದೇಹವು ಒಮ್ಮೆ ಕಂಡ ಪರಕೀಯನನ್ನು ನೆನಪಿನಲ್ಲಿಟ್ಟುಕೊಳ್ಳುವುದೆಂದು ಪೀಟರ್ ಮೆಡವಾರ್ ಮತ್ತು ಥಾಮಸ್ ಗಿಬ್ಸನ್ ೧೯೪೩ರಲ್ಲಿ ಬರೆದರು; ಈ ದಾರಿಯಲ್ಲಿ ಮುಂದೆ ನಡೆದ ಸಂಶೋಧನೆಗಾಗಿ ಮೆಡವಾರನಿಗೆ ೧೯೬೦ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಒಡಹುಟ್ಟಿದವನ ಚರ್ಮವೂ ಪರಕೀಯ! ವಾತ್ಸಲ್ಯಕ್ಕೂ ರಕ್ತಕಣಗಳಿಗೂ ಸಂಬಂಧವಿಲ್ಲವೆಂಬುದನ್ನು ಇದಕ್ಕಿಂತ ಕಠೋರವಾಗಿ ಹೇಳಲಾರದು. ತೀರಿಕೊಂಡವರ ಚರ್ಮವನ್ನು ಕೂಡಿಟ್ಟು ಸುಟ್ಟವರಿಗೆ ಹೊದಿಸುವ ಪದ್ಧತಿ ಈಗಲೂ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಇದಕ್ಕಾಗಿ ಒಂದು ಚರ್ಮನಿಧಿಯುಂಟು. ಅದರಿಂದ ಎಷ್ಟೋ ಪ್ರಾಣಗಳು ಉಳಿಯುತ್ತವೆ. ಆದರೆ ಆ ಹೊದಿಕೆ ಕೆಲವು ವಾರಗಳ ಅತಿಥಿ. ಕೊನೆಗೆ ಬೇಕಾದುದು ತನ್ನದೇ ಚರ್ಮ.

ತನ್ನ ಚರ್ಮವು ಉಳಿದಿರುವುದು ಅಂಗೈಯಗಲವಾದರೆ, ಅದನ್ನು ಬೀಜವಾಗಿಟ್ಟುಕೊಂಡು ಬೆಳೆಸಬೇಕು. ಜೀವಕಣಗಳನ್ನು ಮೈಯಿಂದ ಹೊರಗೆ ಬದುಕಿಸಬಹುದೆಂದು ರಾಸ್ ಹ್ಯಾರಿಸನ್ ಎಂಬಾತನು ೧೯೦೭ರಲ್ಲಿಯೇ ತೋರಿಸಿದ್ದನು. ಕಪ್ಪೆಯ ನರದ ಕಣಗಳು ಅವನ ಗಾಜಿನ ಮೇಲಿನ ಒಂದು ತೊಟ್ಟು ರಸದಲ್ಲಿ ಎಳೆಯೆಳೆಯಾಗಿ ಚಾಚಿಕೊಂಡಿದ್ದುವು. ೧೯೧೨ರ ಜನವರಿಯಲ್ಲಿ ಅಲೆಕ್ಸಿಸ್ ಕ್ಯಾರೆಲ್ ಕೋಳಿಯ ಭ್ರೂಣದ ಹೃದಯದ ತುಣುಕೊಂದನ್ನು ಪಾತ್ರೆಯಲ್ಲಿಟ್ಟನು. ಅದರ ವಂಶ ಕ್ಯಾರೆಲ್ ತೀರಿಕೊಂಡ ಮೇಲೆಯೂ, ೧೯೪೬ರ ತನಕ ನಡೆಯಿತು; ಸಾವಿಲ್ಲದ ಹೃದಯವೆಂದು ವರ್ತಮಾನಪತ್ರಗಳು ಕೊಂಡಾಡಿದುವು. ೧೯೬೧ರಲ್ಲಿ ಲೆನರ್ಡ್ ಹೇಫ್ಲಿಕ್ ಎಂಬಾತನು ಮನುಷ್ಯದೇಹದ ಸಾಮಾನ್ಯ ಕಣಗಳು ಸುಮಾರು ಐವತ್ತು ಸಲ ಇಮ್ಮಡಿಸಿ ನಿಂತುಬಿಡುವುವೆಂದು ತೋರಿಸಿದ ಮೇಲೆ ಆ ಅಮರತ್ವದ ಮೇಲೆ ಸಂಶಯ ಬಿದ್ದಿತು. ಆಹಾರವಾಗಿ ಹಾಕುತ್ತಿದ್ದ ಭ್ರೂಣರಸದೊಡನೆ ಹೊಸ ಕಣಗಳು ಸೇರಿಕೊಂಡಿರಬೇಕೆಂಬುದು ಅನೇಕರ ಊಹೆ. ಕೊಂಡಾಟವು ಪರೀಕ್ಷೆಗಿಂತ ಮುಂದೆ ಓಡುವ ಚಾಳಿ ಈ ಶಾಸ್ತ್ರಕ್ಕೆ ಹುಟ್ಟಿನಿಂದಲೇ ಬಂದಿದೆಯೆಂದು ತೋರುತ್ತದೆ.

ಚರ್ಮದ ಕಣಗಳಾದರೋ ಬಹುಕಾಲ ಯಾರ ಕೈಗೂ ಒಗ್ಗಲಿಲ್ಲ. ಪಾತ್ರೆಯಲ್ಲಿ ಹಾಕಿದರೆ ಸ್ವಲ್ಪ ಬೆಳೆದು ಮುದುಡಿಹೋಗುತ್ತಿದ್ದುವು. ಅವನ್ನು ಒಗ್ಗಿಸಿದವನು ಹೊವಾರ್ಡ್ ಗ್ರೀನ್. ಆತನು ಸುಟ್ಟಗಾಯದ ವೈದ್ಯನಲ್ಲ, ಚರ್ಮದ ಪಂಡಿತನೂ ಅಲ್ಲ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಇಲಿಯ ಒಂದು ಬಗೆಯ ಗಂತಿಯನ್ನು ಪರೀಕ್ಷಿಸುತ್ತಿದ್ದಾಗ, ಪಾತ್ರೆಯಲ್ಲಿ ಹೊರಚರ್ಮದ ಕಣಗಳಂತೆ ತೋರುವ ಗುಂಪುಗಳು ಕಂಡುವು. ಬೇಕಾದುದನ್ನು ಹುಡುಕುವವನು ಬೇಡವೆಂದು ಚೆಲ್ಲಬಹುದಾಗಿದ್ದ ಗುಂಪುಗಳವು. ಆತನು ಚೆಲ್ಲಲಿಲ್ಲ. ಅವು ಅಲ್ಲಿ ಬೆಳೆದುದೇಕೆಂದು ವಿಚಾರಿಸಿದನು. ಇಲಿಯ ಅಂಗಾಂಶದಿಂದ ಆತನೇ ಹಿಂದೆ ಬೆಳೆಸಿಟ್ಟಿದ್ದ ಒಂದು ಕಣವಂಶದ ನೆರೆಯಲ್ಲಿದ್ದಾಗ ಚರ್ಮದ ಕಣಗಳು ಚೆನ್ನಾಗಿ ಬೆಳೆಯುವುವೆಂದು ತಿಳಿದುಬಂದಿತು. ಈ ಇಲಿಯ ಕಣಗಳ ಮೇಲೆ ಕಿರಣಗಳನ್ನು ಹಾಯಿಸಿದರೆ ಅವು ತಾವು ಹೆಚ್ಚದೆ, ಆದರೆ ಸಾಯದೆ, ನೆರೆಯವುಗಳಿಗೆ ಬೇಕಾದ ರಸಗಳನ್ನು ಒದಗಿಸುತ್ತ ಕೂತಿರುವುವು. ಗಂಡುಮಕ್ಕಳಿಲ್ಲದ ಮನೆಯಲ್ಲಿ ತಂಗಿಯ ಮಕ್ಕಳನ್ನು ಸಾಕಿ ಬೆಳೆಸುವ ಸೋದರಮಾವನ ಹಾಗೆ. ಗ್ರೀನನೂ ಆತನ ಶಿಷ್ಯ ಜೇಮ್ಸ್ ರೈನ್‌ವಾಲ್ಡನೂ ೧೯೭೫ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಬಳಿಕ ಕಾಲರಾ ರೋಗದ ವಿಷವನ್ನು ಅತ್ಯಲ್ಪವಾಗಿ ಬೆರಸಿದರೆ ಬೆಳೆ ಇನ್ನೂ ಹುಲುಸಾಗುವುದೆಂದೂ ಕಂಡುಕೊಂಡರು. ಊರೂರನ್ನೇ ಬರಿದು ಮಾಡಿದ ಮಹಾಮಾರಿಯು ಮಡಿಯ ಗೊಬ್ಬರವಾಯಿತು.

ಇನ್ನೊಂದು ಕಷ್ಟ ಉಳಿದಿತ್ತು. ಪಾತ್ರೆಯ ತಳಕ್ಕೆ ಅಂಟಿಕೊಂಡು ಹಬ್ಬಿದ ಕಣಗಳ ಹಾಳೆಯನ್ನು ಹರಿಯದಂತೆ ಎತ್ತುವುದು ಹೇಗೆ? ಕಣಕಣಗಳನ್ನು ಬಿಡಿಸದೆ, ಹಾಳೆಯನ್ನು ತಳದಿಂದ ಮಾತ್ರ ಬಿಡಿಸುವ ಕಿಣ್ವವೊಂದು ದೊರೆತು ಅದೂ ನೀಗಿತು. ಎತ್ತಿದ ಹಾಳೆಯನ್ನು ವ್ಯಾಸಲಿನ್ ಸವರಿದ ಜಾಳುಬಟ್ಟೆಗೆ ಅಂಟಿಸಿ ರೋಗಿಯ ಮೈಮೇಲೆ ಹೊದಿಸಬೇಕು. ಕೆಲವೇ ಕಣಗಳಷ್ಟು ದಪ್ಪವಾದ ಆ ಹಾಳೆ ಈರುಳ್ಳಿಯ ಒಳಪೊರೆಗಿಂತಲೂ ನಾಜೂಕು. ೧೯೮೧ರಲ್ಲಿ ಬಾಸ್ಟನ್ನಿನ ವೈದ್ಯರು ಸುಟ್ಟಗಾಯಗಳಿಗೆ ಇದನ್ನು ಹಾಕಿ ಫಲವನ್ನು ವರದಿಮಾಡಿದರು. ಆದರೆ ಆ ಗಾಯಗಳು ಬೇರೆ ಉಪಾಯದಿಂದಲೂ ವಾಸಿಯಾಗಬಹುದಾದಂಥವು. ಬೇರೆ ಉಪಾಯವೇ ಇಲ್ಲದ ಪರೀಕ್ಷೆ ೧೯೮೩ರ ಬೇಸಗೆಯಲ್ಲಿ ಬಂದಿತು.

ವಯೋಮಿಂಗ್ ಸಂಸ್ಥಾನದ ಕ್ಯಾಸ್ಪರ್ ಎಂಬ ಊರಿನಲ್ಲಿ ಐದು ಮತ್ತು ಆರು ವರ್ಷದ ಅಣ್ಣತಮ್ಮಂದಿರಿಬ್ಬರು ಆಟದಲ್ಲಿ ಮೈಗೆ ಬಳಿದುಕೊಂಡ ಬಣ್ಣವನ್ನು ಕಳೆಯುವ ದ್ರಾವಣಕ್ಕೆ ಬೆಂಕಿ ತಗಲಿ ಸುಟ್ಟುಹೋದರು. ಇಬ್ಬರ ಮೈಯಲ್ಲಿಯೂ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಪಾಲು ಬೆಂದಿತ್ತು. ಅಷ್ಟು ಬೆಂದವರು ಉಳಿಯುವ ವಾಡಿಕೆಯಿರಲಿಲ್ಲ. ಹುಡುಗರನ್ನು ಬಾಸ್ಟನ್ನಿಗೆ ತಂದರು. ಕಂಕುಳಿನಲ್ಲಿ ಉಳಿದಿದ್ದ ಒಳ್ಳೆಯ ಚರ್ಮದಿಂದ ಸಣ್ಣ ತುಣುಕುಗಳನ್ನು ತೆಗೆದು ಗ್ರೀನನ ಪ್ರಯೋಗಶಾಲೆಗೆ ಕಳುಹಿಸಿದರು. ಒಂದು ಚದರ ಸೆಂಟಿಮೀಟರಿನ ಬೀಜದಿಂದ ಮೂರು ನಾಲ್ಕು ವಾರಗಳಲ್ಲಿ ಒಂದು ಚದರ ಮೀಟರು, ಅಂದರೆ ಹತ್ತುಸಾವಿರ ಪಾಲು, ಬೆಳೆಯಬಹುದೆಂಬುದು ಲೆಕ್ಕ. ಲೆಕ್ಕ ಕಾಗದದ ಮೇಲೆ ಸುಲಭ. ಇಲ್ಲಿಯಾದರೋ ಎರಡು ಮಕ್ಕಳು ಕಾಯುತ್ತಿದ್ದರು. ಮೃತರ ಚರ್ಮವನ್ನು ತಾತ್ಕಾಲಿಕವಾಗಿ ಹೊದಿಸಿ, ನೀರನ್ನೂ ಆಹಾರವನ್ನೂ ನಾಳಗಳಲ್ಲಿ ಹಾಯಿಸಿ, ದಾದಿಯರು ಒಂದೊಂದು ರಾತ್ರಿಯನ್ನೂ ದಾಟಿಸುತ್ತಿದ್ದರು. ವಿದ್ಯಾರ್ಥಿಗಳ ಪ್ರಯೋಗಶಾಲೆಯು ಕಾರ್ಖಾನೆಯಾಯಿತು. ಹಾಳೆಗಳು ಸಿದ್ಧವಾದಂತೆಲ್ಲ ಒಯ್ದು ಹೊದಿಸಿದರು. ಕೊನೆಗೆ ಆ ಹುಡುಗರ ಮೈಯ ಹೆಚ್ಚುಕಡಿಮೆ ಅರ್ಧಭಾಗವನ್ನು ಗಾಜಿನ ಪಾತ್ರೆಯಲ್ಲಿ ಬೆಳೆದ ಅವರದೇ ಚರ್ಮವು ಮುಚ್ಚಿತು. ಇಬ್ಬರೂ ಬದುಕಿದರು. ೧೯೮೪ರಲ್ಲಿ ವೈದ್ಯರು ಈ ವೃತ್ತಾಂತವನ್ನು ಪ್ರಕಟಿಸಿದರು.

ಬದುಕಿದರೆಂದು ಬರೆದು ಮುಂದಕ್ಕೆ ಹೋಗುವುದು ನ್ಯಾಯವಲ್ಲ. ಹೀಗೆ ಬೆಳೆದ ಹೊರಚರ್ಮದಲ್ಲಿ ಕೂದಲಿಲ್ಲ, ಬೆವರಿನ ಗ್ರಂಥಿಗಳಿಲ್ಲ. ಬಿಸಿಲಿನಲ್ಲಿ ಓಡಾಡುವ ಹುಡುಗನ ಮೈ ಬೆವರದಿದ್ದರೆ ಕಾವು ಹೊರಕ್ಕೆ ಹೋಗುವ ದಾರಿ ಕಡಿಮೆ. ಹೊರಚರ್ಮಕ್ಕೆ ಬಲವನ್ನೂ ಮಡಿಕೆಯನ್ನೂ ಕೊಡುವುದು ಅದರ ಕೆಳಗಿನ ಒಳಚರ್ಮ. ಆಳವಾದ ಉರಿಯಲ್ಲಿ ಅದೂ ಹೋಗಿರುತ್ತದೆ. ಅದು ಇಲ್ಲದೆಡೆ ಹೊಸ ಹಾಳೆ ನಿಲ್ಲುವುದು ಕಷ್ಟ. ನಿಂತರೂ ಬೊಕ್ಕೆಯೇಳುವುದು, ಸುಕ್ಕಿ ಎಳೆಯುವುದು. ಇದಕ್ಕಾಗಿ ಬಾಸ್ಟನ್ನಿನವರೇ ಆದ ಜಾನ್ ಬರ್ಕ್ ಮತ್ತು ಅಯೋನಿಸ್ ಯಾನಸ್ ಎಂಬಿಬ್ಬರು ಹಸುವಿನ ಸ್ನಾಯುರಜ್ಜುವಿನಿಂದಲೂ ಶಾರ್ಕ್ ಮೀನಿನ ಮೆದುಮೂಳೆಯಿಂದಲೂ ತೆಗೆದ ದ್ರವ್ಯಗಳನ್ನು ಕೂಡಿಸಿ ಒಂದು ಜಾಲರಿಯನ್ನು ಮಾಡಿದರು. ಗಾಯದ ಮೇಲೆ ಅದನ್ನು ಹಾಸಿದರೆ ರೋಗಿಯ ಕಣಗಳೂ ರಕ್ತನಾಳಗಳೂ ಅದರೊಳಕ್ಕೆ ಹಬ್ಬುವುವು. ಜಾಲರಿ ಮೆಲ್ಲಮೆಲ್ಲನೆ ಕರಗಿ ಅದರ ಎಡೆಯಲ್ಲಿ ಒಳಚರ್ಮದಂಥದೊಂದು ನಿಲ್ಲುವುದು. ಹಂದರದ ಮೇಲೆ ಬಳ್ಳಿ ಹಬ್ಬಿ, ಬಳ್ಳಿ ಗಟ್ಟಿಯಾದ ಮೇಲೆ ಹಂದರವೇ ಮಾಯವಾದಂತೆ.

ಈ ಕೃಷಿಯ ಮಹಾಫಸಲು ೨೦೧೫ರಲ್ಲಿ ಜರ್ಮನಿಯ ಬೋಹುಮ್ ನಗರದಲ್ಲಿ ಬಂದಿತು. ಸಿರಿಯಾ ದೇಶದಿಂದ ಓಡಿಬಂದ ಕುಟುಂಬದ ಏಳು ವರ್ಷದ ಬಾಲಕನೊಬ್ಬನು ಅಲ್ಲಿನ ಆಸ್ಪತ್ರೆಯಲ್ಲಿದ್ದನು. ಅವನನ್ನು ಸುಟ್ಟುದು ಬೆಂಕಿಯಲ್ಲ. ಹುಟ್ಟಿನಿಂದ ಬಂದ ರೋಗ. ಹೊರಚರ್ಮವನ್ನು ಒಳಚರ್ಮಕ್ಕೆ ಅಂಟಿಸಿ ಹಿಡಿಯುವ ಒಂದು ಪ್ರೋಟೀನನ್ನು ಮಾಡುವ ಜೀನು ಅವನಲ್ಲಿ ಕೆಟ್ಟಿತ್ತು. ಬಟ್ಟೆ ತಗಲಿದರೆ ಸಾಕು, ಚರ್ಮ ಬೊಕ್ಕೆಯೆದ್ದು ಕಳಚುತ್ತಿತ್ತು. ಸೋಂಕು ತಗಲಿ ಹೊರಚರ್ಮದ ನೂರಕ್ಕೆ ಎಂಬತ್ತು ಪಾಲು ಹೋಗಿತ್ತು. ತಂದೆಯು ತನ್ನ ಚರ್ಮವನ್ನು ಕೊಟ್ಟನು, ಅದು ನಿಲ್ಲಲಿಲ್ಲ. ಗ್ಲಾಸ್ಗೋವಿನ ತರುಣಿಗೆ ಸೋದರನ ಚರ್ಮ ನಿಲ್ಲದುದೇ ಇಲ್ಲಿಯೂ ನಡೆಯಿತು. ನೋವು ಕಡಿಮೆ ಮಾಡುವುದೊಂದೇ ಉಳಿದಿರುವ ಕೆಲಸವೆಂದು ವೈದ್ಯರು ಎಣಿಸುತ್ತಿದ್ದರು.

ಇಟಲಿಯ ಮೊಡೆನಾ ನಗರದ ಮಿಕೆಲೆ ದೆ ಲೂಕಾ ಎಂಬ ವಿಜ್ಞಾನಿಯು, ಗ್ರೀನನ ಪ್ರಯೋಗಶಾಲೆಯಲ್ಲಿ ಪಳಗಿದವನು, ಬಾಲಕನ ತೊಡೆಸಂದಿಯಿಂದ ನಾಲ್ಕು ಚದರ ಸೆಂಟಿಮೀಟರಿನಷ್ಟು ಚರ್ಮವನ್ನು ತರಿಸಿಕೊಂಡನು. ಕಣಗಳನ್ನು ಬೆಳೆಸುವಾಗಲೇ, ಅಪಾಯವಿಲ್ಲದಂತೆ ಮಾಡಿದ ಒಂದು ವೈರಸ್ಸಿನ ಮೂಲಕ, ಕೆಟ್ಟ ಜೀನಿನ ಸರಿಯಾದ ಪ್ರತಿಯನ್ನು ಅವುಗಳೊಳಗೆ ಸೇರಿಸಿದನು. ಬೀಜವನ್ನೇ ತಿದ್ದಿ ಬಿತ್ತಿದಂತಾಯಿತು. ಅಕ್ಟೋಬರಿನಲ್ಲಿ ಕೈಕಾಲುಗಳಿಗೆ, ನವೆಂಬರಿನಲ್ಲಿ ಬೆನ್ನು ಮೊದಲಾದ ಎಡೆಗಳಿಗೆ, ೨೦೧೬ರ ಜನವರಿಯಲ್ಲಿ ಉಳಿದ ಕಡೆಗಳಿಗೆ ಹಾಳೆಗಳನ್ನು ಹೊದಿಸಿದರು; ಒಟ್ಟು ೦.೮೫ ಚದರ ಮೀಟರು. ಫೆಬ್ರವರಿಯಲ್ಲಿ ಬಾಲಕನು ಮನೆಗೆ ಹೋದನು. ಐದು ವರ್ಷಗಳ ಮೇಲೆ ಪರೀಕ್ಷಿಸಿದಾಗಲೂ ಹೊಸ ಚರ್ಮವು ಗಟ್ಟಿಯಾಗಿತ್ತು. ಶಾಸ್ತ್ರಕ್ಕೂ ಇದರಿಂದ ಒಂದು ಲಾಭವಾಯಿತು. ಹೊದಿಸಿದ ಕೋಟ್ಯಂತರ ಕಣಗಳಲ್ಲಿ ಬಹುಪಾಲು ಕೆಲವು ತಿಂಗಳಲ್ಲಿ ಉದುರಿಹೋಗಿ, ಬಹುಕಾಲ ಬಾಳುವ ಕೆಲವೇ ಮೂಲಕಣಗಳ ಸಂತತಿಯಿಂದ ಇಡೀ ಚರ್ಮ ನಿಂತಿರುವುದೆಂದು ಸ್ಪಷ್ಟವಾಯಿತು. ಜೊಳ್ಳನ್ನು ಬಿತ್ತಿದರೆ ಮಡಿ ಹಸುರಾಗಿ ಕಂಡರೂ ತೆನೆ ಬಾರದು.

ಚರ್ಮವು ಹೀಗೆ ಒಲಿದುದಕ್ಕೆ ಮುಖ್ಯ ಕಾರಣ ಅದರ ತೆಳುವು. ಹಾಳೆಯ ಕೆಳಗಿನ ಗಾಯದಿಂದ ಒಸರುವ ರಸವೇ ಮೊದಲ ದಿನಗಳಲ್ಲಿ ಅದಕ್ಕೆ ಸಾಕು. ದಪ್ಪವಾದ ಅಂಗವಾದರೆ ಹೀಗಲ್ಲ. ದೇಹದ ಕಣವೊಂದು ರಕ್ತದ ಕಿರುನಾಳದಿಂದ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು, ಹೆಚ್ಚೆಂದರೆ ಅದರ ಎರಡರಷ್ಟು ದೂರದಲ್ಲಿರಬಹುದು. ಅದಕ್ಕಿಂತ ದೂರವಾದರೆ ಉಸಿರುಕಟ್ಟಿ ಸಾಯುತ್ತದೆ. ಹೃದಯವನ್ನೋ ಮೂತ್ರಪಿಂಡವನ್ನೋ ಬೆಳೆಯಬೇಕಾದರೆ ಕೂದಲಿಗಿಂತ ಸಣ್ಣದಾದ ಈ ನಾಳಗಳ ಕಾಡನ್ನು ಮೊದಲು ಎಬ್ಬಿಸಬೇಕು, ನೆಟ್ಟ ಗಳಿಗೆಯಲ್ಲಿಯೇ ರೋಗಿಯ ರಕ್ತವನ್ನು ಅದರಲ್ಲಿ ಹರಿಯಿಸಬೇಕು. ಪುಣೆಯ ಇಟ್ಟಿಗೆಯವನು ಉಳಿಸಿಕೊಂಡಿದ್ದ ತೊಟ್ಟು ಈ ಪಂಡಿತರಿಗೆ ಇನ್ನೂ ಪೂರ್ತಿಯಾಗಿ ದೊರೆತಿಲ್ಲ.

ಪ್ರಯತ್ನಗಳಿಗೆ ಕಡಿಮೆಯಿಲ್ಲ. ಆಂಟನಿ ಅಟಾಲ ಎಂಬ ವೈದ್ಯನು ಬೆನ್ನುಹುರಿಯ ಹುಟ್ಟುದೋಷದಿಂದ ಮೂತ್ರಾಶಯ ಕೆಟ್ಟಿದ್ದ ಏಳು ಮಂದಿ ಎಳೆಯರಿಗೆ ಅವರವರ ಕಣಗಳಿಂದಲೇ ಬೆಳೆಸಿದ ಭಾಗವನ್ನು ಕೂಡಿಸಿ, ಫಲವು ಚೆನ್ನಾಗಿದೆಯೆಂದು ೨೦೦೬ರಲ್ಲಿ ತಿಳಿಸಿದನು. ಆದರೆ ಬಳಿಕ ಬೇರೆ ಮಕ್ಕಳ ಮೇಲೆ ನಡೆದು ೨೦೧೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಂಥ ಫಲ ಕಾಣಲಿಲ್ಲ. ೨೦೦೮ರಲ್ಲಿ ಡೋರಿಸ್ ಟೇಲರ್ ಎಂಬಾಕೆಯೂ ಆಕೆಯ ಸಂಗಡಿಗರೂ ಸತ್ತ ಇಲಿಯ ಹೃದಯದಿಂದ ಕಣಗಳನ್ನೆಲ್ಲ ಮಾರ್ಜಕದಿಂದ ತೊಳೆದು, ಉಳಿದ ಬಿಳಿಯ ಹಂದರದಲ್ಲಿ ಹೊಸ ಕಣಗಳನ್ನು ಬಿತ್ತಿದರು. ಎಂಟನೆಯ ದಿನ ಅದು ಮಿಡಿಯಿತು. ಬೆಳೆದ ಇಲಿಯ ಹೃದಯದ ಬಲದಲ್ಲಿ ನೂರಕ್ಕೆ ಎರಡರಷ್ಟು ಮಾತ್ರ, ಆದರೂ ಮಿಡಿಯಿತು. ಇಷ್ಟನ್ನೇ ಹೇಳಿ ನಿಲ್ಲಿಸಿದವರು ಒಳ್ಳೆಯವರು.

ನಿಲ್ಲಿಸದವರೂ ಇದ್ದರು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಪಾವೊಲೋ ಮಕ್ಕಿಯಾರಿನಿ ಎಂಬ ಶಸ್ತ್ರವೈದ್ಯನು ೨೦೧೧ರಲ್ಲಿ ಪ್ಲಾಸ್ಟಿಕ್ಕಿನ ಶ್ವಾಸನಾಳವೊಂದನ್ನು ರೋಗಿಯ ಅಸ್ಥಿಮಜ್ಜೆಯ ಕಣಗಳಲ್ಲಿ ನೆನೆಯಿಸಿ ಕೂಡಿಸಿದನು. ಅದು ಮೈಯೊಳಗೆ ಜೀವಂತ ನಾಳವಾಗುವುದೆಂದು ಸಾರಿದನು. ಲೋಕವೆಲ್ಲ ಕೊಂಡಾಡಿತು. ಪ್ರಾಣಿಗಳ ಮೇಲೆ ಮೊದಲು ಪರೀಕ್ಷಿಸಿ ನೋಡಿರಲಿಲ್ಲವೆಂಬುದು ಆಗ ಯಾರಿಗೂ ದೊಡ್ಡದಾಗಿ ತೋರಲಿಲ್ಲ. ಪ್ಲಾಸ್ಟಿಕ್ಕಿನ ಕೊಳವೆಗೆ ರಕ್ತವನ್ನು ತರುವವರು ಯಾರು? ಬೇರಿಗೆ ನೀರಿಲ್ಲದೆಡೆ ಚೆಲ್ಲಿದ ಬೀಜದ ಗತಿಯೇ ಆ ಕಣಗಳಿಗೂ ಬಂದಿತು. ಆ ಆಸ್ಪತ್ರೆಯಲ್ಲಿ ಹೀಗೆ ಕೊಳವೆಯನ್ನು ಹಾಕಿಸಿಕೊಂಡ ಮೂವರೂ ತೀರಿಕೊಂಡರು. ಒಬ್ಬರಂತೂ ವರ್ಷಗಟ್ಟಲೆ ಸಾವಿನೊಡನೆ ಹೆಣಗಿ. ಅದೇ ಆಸ್ಪತ್ರೆಯ ನಾಲ್ವರು ವೈದ್ಯರು ರೋಗಿಗಳ ದಾಖಲೆಗಳನ್ನೂ ಪ್ರಕಟವಾದ ಲೇಖನಗಳನ್ನೂ ಹೋಲಿಸಿ ನೋಡಿ, ೨೦೧೪ರಲ್ಲಿ ಮೇಲಿನವರಿಗೆ ದೂರಿತ್ತರು. ಮೊದಲು ಅವರ ಮಾತಿಗೆ ಬೆಲೆ ಬರಲಿಲ್ಲ. ಕೊನೆಗೆ ೨೦೧೮ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಆತನ ಲೇಖನಗಳಲ್ಲಿ ಎರಡನ್ನು ಹಿಂತೆಗೆದುಕೊಂಡಿತು. ೨೦೨೩ರಲ್ಲಿ ಸ್ವೀಡನ್ನಿನ ಮೇಲ್ಮನವಿಯ ನ್ಯಾಯಾಲಯವು ಆತನಿಗೆ ಎರಡೂವರೆ ವರ್ಷದ ಸೆರೆಯನ್ನು ವಿಧಿಸಿತು. ಆ ಮೂವರೂ ನಂಬಿ ಕೊರಳನ್ನು ಒಪ್ಪಿಸಿದವರು. ಗ್ರೀನನು ಇಲಿಯ ಗಂತಿಯಿಂದ ಕ್ಯಾಸ್ಪರಿನ ಹುಡುಗರ ತನಕ ಬರಲು ಸುಮಾರು ಹತ್ತು ವರ್ಷ ಹಿಡಿಯಿತಷ್ಟೆ; ಆ ಹತ್ತು ವರ್ಷಗಳು ನಿಧಾನವೆಂದು ತೋರುವವರಿಗೆ ಸ್ಟಾಕ್‌ಹೋಮಿನ ಈ ಕಥೆಯನ್ನು ಹೇಳಬೇಕು.

ಇಂಥ ದೊಡ್ಡ ಸಾಹಸಗಳ ಗದ್ದಲದಲ್ಲಿ, ಚರ್ಮದಂತೆಯೇ ತೆಳುವಾದ ಇನ್ನೊಂದು ಅಂಗದ ಕೃಷಿ ಸದ್ದಿಲ್ಲದೆ ನಡೆದಿದೆ. ಅದು ಕಣ್ಣಿನ ಮುಂಭಾಗದ ಪಾರದರ್ಶಕವಾದ ಪಟಲದ ಮೇಲ್ಪೊರೆ. ಆ ಪೊರೆಯನ್ನು ದಿನದಿನವೂ ಹೊಸದಾಗಿಸುವ ಮೂಲಕಣಗಳು ಕರಿಗುಡ್ಡೆಗೂ ಬಿಳಿಗೂ ನಡುವಿನ ಅಂಚಿನಲ್ಲಿ, ಬದುವಿನಲ್ಲಿ ನೆಟ್ಟ ಗಿಡಗಳಂತೆ, ಇರುವುವು. ಸುಣ್ಣವೋ ಆಮ್ಲವೋ ಸಿಡಿದು ಅಂಚು ಸುಟ್ಟರೆ, ಬದು ಒಡೆದ ಗದ್ದೆಗೆ ಕಳೆ ನುಗ್ಗುವಂತೆ, ಬಿಳಿಯ ಭಾಗದ ಪೊರೆಯು ರಕ್ತನಾಳಗಳೊಡನೆ ಪಾರದರ್ಶಕ ಪಟಲದ ಮೇಲಕ್ಕೆ ಹಬ್ಬಿ ಬೆಳಕನ್ನು ಮುಚ್ಚುತ್ತದೆ. ಸತ್ತವರ ಕಣ್ಣ ಪಟಲವನ್ನು ತಂದು ಹಾಕಿದರೂ ಅಂಚು ಕೆಟ್ಟಿರುವುದರಿಂದ ಅದು ನಿಲ್ಲದು. ೧೯೯೭ರಲ್ಲಿ ಗ್ರಾಸಿಯೆಲ್ಲಾ ಪೆಲೆಗ್ರಿನಿ ಎಂಬಾಕೆಯೂ ದೆ ಲೂಕಾನೂ ಇತರರೂ, ಸರಿಯಿರುವ ಇನ್ನೊಂದು ಕಣ್ಣಿನ ಅಂಚಿನಿಂದ ಚೂರು ತೆಗೆದು ಬೆಳೆಸಿ, ಕುರುಡಾದ ಕಣ್ಣಿಗೆ ಹಾಕಿ ಗೆದ್ದರು. ೨೦೧೫ರಲ್ಲಿ ಯೂರೋಪಿನಲ್ಲಿ ಮೂಲಕಣಗಳ ಚಿಕಿತ್ಸೆಗಳಲ್ಲಿ ಮೊದಲನೆಯದಾಗಿ ಇದಕ್ಕೆ ಸರಕಾರದ ಒಪ್ಪಿಗೆ ದೊರೆಯಿತು.

ಹೈದರಾಬಾದಿನ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು ೨೦೦೧ರಿಂದಲೇ ಈ ಕೆಲಸವನ್ನು ಕೈಗೆತ್ತಿಕೊಂಡಿದ್ದರು. ಅವರು ಇಲಿಯ ಕಣಗಳನ್ನು ಬಳಸಲಿಲ್ಲ. ಹೆರಿಗೆಯಲ್ಲಿ ಮಾಸಿನೊಡನೆ ಹೊರಬೀಳುವ, ಗರ್ಭದಲ್ಲಿ ಶಿಶುವನ್ನು ಸುತ್ತಿಕೊಂಡಿದ್ದ ತೆಳುಪೊರೆಯೇ ಅವರ ಮಡಿ. ರೋಗಿಯ ರಕ್ತದಿಂದಲೇ ತೆಗೆದ ರಸವು ಅದಕ್ಕೆ ನೀರು. ಹತ್ತು ವರ್ಷಗಳಲ್ಲಿ ಇನ್ನೂರು ಮಂದಿಗೆ ಚಿಕಿತ್ಸೆ ಮಾಡಿ, ನೂರಕ್ಕೆ ಎಪ್ಪತ್ತೊಂದು ಮಂದಿಯಲ್ಲಿ ಪೊರೆ ನಿಂತಿತೆಂದು ವರದಿಮಾಡಿದರು. ಆದರೂ ಪ್ರಯೋಗಶಾಲೆಯ ವೆಚ್ಚ ದೊಡ್ಡದು. ಊರೂರಿನ ಆಸ್ಪತ್ರೆಗಳಿಗೆ ಅದು ಎಟುಕದು. ಹೀಗಿರಲು ವೀರೇಂದರ್ ಸಾಂಗ್ವಾನ್ ಮತ್ತು ಸಂಗಡಿಗರು ೨೦೧೨ರಲ್ಲಿ ಗಾಜಿನ ಪಾತ್ರೆಯನ್ನೇ ಬಿಟ್ಟುಬಿಡುವ ಉಪಾಯವನ್ನು ಪ್ರಕಟಿಸಿದರು. ಒಳ್ಳೆಯ ಕಣ್ಣಿನಿಂದ ಎರಡು ಮಿಲಿಮೀಟರಿನಷ್ಟು ಅಂಚನ್ನು ತೆಗೆದು, ಎಂಟು ಹತ್ತು ಚೂರು ಮಾಡಿ, ಕೆಟ್ಟ ಕಣ್ಣಿನ ಮೇಲೆ ಹಾಸಿದ ಅದೇ ಪೊರೆಯ ಮೇಲೆ ಒಂದೊಂದನ್ನೂ ಅಂಟಿನಿಂದ ಕೂರಿಸುವುದು. ಸಸಿಮಡಿಯಿಲ್ಲ, ಗದ್ದೆಯಲ್ಲಿಯೇ ಬಿತ್ತನೆ. ೨೦೧೬ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಹೀಗೆ ಚಿಕಿತ್ಸೆ ಪಡೆದ ೧೨೫ ಮಂದಿಯಲ್ಲಿ ನೂರಕ್ಕೆ ಎಪ್ಪತ್ತಾರು ಮಂದಿಗೆ ಫಲವಾಯಿತು. ಪ್ರಯೋಗಶಾಲೆಯ ಬೆಳೆಗೆ ಇದು ಕಡಿಮೆಯಲ್ಲ.

ಆ ೧೨೫ ಮಂದಿಯಲ್ಲಿ ೬೦ ಮಂದಿ ಮಕ್ಕಳು. ಅಂಥ ಮಕ್ಕಳಲ್ಲಿ ಎಷ್ಟೋ ಮಂದಿಯ ಕಣ್ಣು ಕೆಡುವುದು ಕಾರ್ಖಾನೆಯ ಆಮ್ಲದಿಂದಲ್ಲ, ಎಲೆಯಡಿಕೆಯ ಸುಣ್ಣದಿಂದ. ದೊಡ್ಡವರು ಅಡಿಕೆಯೊಡನೆ ಕೊಂಡುತಂದು ಜಗಲಿಯ ಮೇಲಿಟ್ಟ ಸುಣ್ಣದ ಪೊಟ್ಟಣವನ್ನು ಮಗು ಎತ್ತಿಕೊಂಡು ಹಿಸುಕುತ್ತದೆ, ಅದು ಒಡೆದು ಮುಖಕ್ಕೆ ಚಿಮ್ಮುತ್ತದೆ. ಆ ಕ್ಷಣದಲ್ಲಿ ಮಾಡಬೇಕಾದುದು ಶುದ್ಧವಾದ ನೀರಿನಿಂದ ಬಹಳ ಹೊತ್ತು ಕಣ್ಣನ್ನು ತೊಳೆದು, ಸುಣ್ಣದ ಕಣವೊಂದೂ ರೆಪ್ಪೆಯೊಳಗೆ ಉಳಿಯದಂತೆ ನೋಡಿ, ಕೂಡಲೇ ವೈದ್ಯರಲ್ಲಿಗೆ ಒಯ್ಯುವುದು. ಅದು ತಪ್ಪಿ ಅಂಚು ಸುಟ್ಟುಹೋದ ಮೇಲೆ ಆ ಎಂಟು ಹತ್ತು ಚೂರುಗಳೇ ಗತಿ. ಅವು ಒಂದನ್ನೊಂದು ಮುಟ್ಟುವಂತೆ ಹಬ್ಬಿ ಪೊರೆ ಪೂರ್ತಿಯಾಗಲು ಸುಮಾರು ಆರು ವಾರ ಬೇಕು. ಅಷ್ಟು ದಿನವೂ ಮಗು ಕಣ್ಣನ್ನು ಉಜ್ಜಿಕೊಳ್ಳದಂತೆ ಅದರ ಕೈಯನ್ನು ಹಿಡಿದು ಕಾಯುವ ಕೆಲಸ ತಾಯಿಯದು.